ಹಳೆಯ ಕಾರಿನ ಹೀಟರ್ ಬಿಚ್ಚುವ ಮುನ್ನ ಸೋರಿಕೆ ಹುಡುಕಿ

ಸಂಪಾದಕರಿಗೆ,

ಮಾನ್ಯರೇ,

ಚಳಿಗಾಲ ಬಂತೆಂದರೆ ಹಳೆಯ ಕಾರು ಇಟ್ಟುಕೊಂಡವರು ಗ್ಯಾರೇಜಿಗೆ ಹೊತ್ತೊಯ್ಯುವ ದೂರುಗಳಲ್ಲಿ ‘ಹೀಟರ್ ಬಿಸಿ ಕೊಡುತ್ತಿಲ್ಲ’ ಎಂಬುದೂ ಒಂದು. ಅದಕ್ಕೆ ಸಿಗುವ ಉತ್ತರ ಬಹಳ ಸಲ ಒಂದೇ ಆಗಿರುತ್ತದೆ: ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ ಹೊಸದು ಹಾಕಬೇಕು. ಹಳೆಯ ಕಾರುಗಳ ರಿಪೇರಿಯನ್ನು ಹಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತ, ಕೈಯಾರೆ ಮಾಡುತ್ತ ಬಂದಿರುವ ನಾನು ತಮ್ಮ ಪತ್ರಿಕೆಯ ಮೂಲಕ ಓದುಗರಿಗೂ ಮೆಕ್ಯಾನಿಕ್‌ಗಳಿಗೂ ಹೇಳಬಯಸುವುದು ಇಷ್ಟೇ: ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು, ತಣ್ಣನೆಯ ಗಾಳಿ ಹೀಟರ್ ಕೋರನ್ನು ತಪ್ಪಿಸಿಕೊಂಡು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಹುಡುಕಿ. ಬಹಳಷ್ಟು ಹಳೆಯ ಕಾರುಗಳಲ್ಲಿ ಶಾಖಕ್ಕೆ ಕೊರತೆ ಇರುವುದಿಲ್ಲ. ಆ ಶಾಖದ ಜೊತೆ ಬೆರೆಯುವ ಚಳಿಗಾಳಿಗೆ ತಡೆ ಇರುವುದಿಲ್ಲ.

ಕಾರಿನ ಹೀಟರ್ ತಾನಾಗಿ ಶಾಖ ಹುಟ್ಟಿಸುವ ಯಂತ್ರವಲ್ಲ. ಎಂಜಿನ್ನನ್ನು ತಂಪಾಗಿಡಲು ಅದರೊಳಗೆ ಹರಿದು ಬಿಸಿಯಾದ ದ್ರವದ, ಅಂದರೆ ಕೂಲಂಟಿನ, ಒಂದು ಪಾಲು ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಹಿಂದಿರುಗುತ್ತದೆ. ಈ ಪುಟ್ಟ ರೇಡಿಯೇಟರೇ ಹೀಟರ್ ಕೋರ್. ಬ್ಲೋವರ್ ಊದಿದ ಗಾಳಿ ಅದರ ತೆಳುವಾದ ರೆಕ್ಕೆಗಳ ನಡುವೆ ನುಸುಳಿ ಬಿಸಿಯಾಗಿ ವೆಂಟ್‌ಗಳಿಂದ ಹೊರಬರುತ್ತದೆ. ಹಳೆಯ ಕಾರುಗಳಲ್ಲಿ ಈ ಬಿಸಿಯ ಪ್ರಮಾಣವನ್ನು ನಿಯಂತ್ರಿಸಲು ಎರಡು ವಿಧಾನಗಳಿವೆ. ಕೆಲವು ಕಾರುಗಳಲ್ಲಿ ಹೋಸ್‌ನ ನಡುವೆ ಒಂದು ವಾಲ್ವ್ ಇದ್ದು, ಅದು ಕೂಲಂಟಿನ ಹರಿವನ್ನೇ ಹೆಚ್ಚು ಕಡಿಮೆ ಮಾಡುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಕೋರ್ ಸದಾ ಬಿಸಿಯಾಗಿಯೇ ಇರುತ್ತದೆ, ಒಂದು ಫ್ಲ್ಯಾಪ್ ಅತ್ತಿತ್ತ ತಿರುಗಿ ಎಷ್ಟು ಗಾಳಿ ಕೋರ್ ಮೂಲಕ ಹೋಗಬೇಕು, ಎಷ್ಟು ಗಾಳಿ ಅದರ ಪಕ್ಕದಿಂದ ತಣ್ಣಗೆ ಹೋಗಬೇಕು ಎಂದು ನಿರ್ಧರಿಸುತ್ತದೆ. ಈ ಎರಡನೆಯ ವಿಧಾನದಲ್ಲಿ ಫ್ಲ್ಯಾಪ್ ಪೂರ್ತಿ ಮುಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕ ಸಾಕು. ಹೊರಗಿನ ಗಾಳಿ 0 ಡಿಗ್ರಿ ಸೆಲ್ಸಿಯಸ್, ಕೋರ್ ದಾಟಿ ಬಂದ ಗಾಳಿ 60 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೂರರಲ್ಲಿ ಒಂದು ಪಾಲು ಗಾಳಿ ಕೋರನ್ನು ಬಿಟ್ಟು ಪಕ್ಕದಿಂದ ಸೋರಿ ಬಂದರೆ ವೆಂಟ್‌ನಲ್ಲಿ ಸಿಗುವುದು ಸುಮಾರು 40 ಡಿಗ್ರಿ. ಅರ್ಧ ಪಾಲು ಸೋರಿದರೆ 30 ಡಿಗ್ರಿ ಮಾತ್ರ. ನಮ್ಮ ಮೈಯ ಉಷ್ಣತೆಗಿಂತ ಕೆಳಗಿರುವ ಆ ಗಾಳಿ ರಭಸದಿಂದ ಬಂದು ಕೈಗೆ ತಗುಲಿದಾಗ ತಣ್ಣಗೇ ಅನಿಸುತ್ತದೆ. ಆಗ ‘ಕೋರ್ ಹೋಗಿದೆ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ, ಆದರೆ ಕೋರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ.

ಕೋರಿನ ಮೇಲೆ ಆರೋಪ ಹೊರಿಸುವ ಮೊದಲು ಬಾನೆಟ್ ತೆಗೆದು ಆ ಎರಡು ಹೋಸ್‌ಗಳನ್ನು ಮುಟ್ಟಿ ನೋಡಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಹೀಟರ್ ಪೂರ್ಣ ಬಿಸಿಗೆ ಇಟ್ಟು ಸ್ವಲ್ಪ ಹೊತ್ತು ಓಡಿಸಿ, ಎಂಜಿನ್ ಆಫ್ ಮಾಡಿ, ದಪ್ಪ ಬಟ್ಟೆಯ ಮೂಲಕ ಹುಷಾರಾಗಿ ಮುಟ್ಟಬೇಕು. ಎಂಜಿನ್ ನಿಂತ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಕೈಯನ್ನು ಅದರಿಂದ ದೂರವಿಡಬೇಕು, ಮತ್ತು ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡದಲ್ಲಿರುವ ಕೂಲಂಟ್ ಚಿಮ್ಮಿ ಮುಖ ಸುಟ್ಟುಬಿಡುತ್ತದೆ. ಎರಡೂ ಹೋಸ್‌ಗಳು ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಕೋರ್ ಒಳಗೆ ಕೂಲಂಟ್ ಹರಿಯುತ್ತಿದೆ ಎಂದರ್ಥ, ಆಗ ಹುಡುಕಬೇಕಾದದ್ದು ಗಾಳಿಯ ದಾರಿಯನ್ನು. ಒಂದು ಬಿಸಿ, ಇನ್ನೊಂದು ಉಗುರುಬೆಚ್ಚಗೆ ಇದ್ದರೆ ಕೋರ್ ಕಟ್ಟಿಕೊಂಡಿರಬಹುದು ಅಥವಾ ವಾಲ್ವ್ ತೆರೆಯದೆ ಇರಬಹುದು. ಎರಡೂ ತಣ್ಣಗಿದ್ದರೆ ಕೂಲಂಟ್ ಕಡಿಮೆಯಾಗಿದೆಯೇ, ಒಳಗೆ ಗಾಳಿ ಸಿಕ್ಕಿಕೊಂಡಿದೆಯೇ, ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದುಕೊಂಡೇ ಉಳಿದಿದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ 82ರಿಂದ 92 ಡಿಗ್ರಿಯ ನಡುವೆ ತೆರೆಯಬೇಕಾದ ಥರ್ಮೋಸ್ಟಾಟ್ ಸದಾ ತೆರೆದಿದ್ದರೆ, ವೇಗವಾಗಿ ಓಡುವಾಗ ಎಂಜಿನ್ ತಾಪಮಾನದ ಮುಳ್ಳು ಮೇಲೇರುವುದೇ ಇಲ್ಲ, ಏರಿದ್ದರೂ ಕೆಳಗಿಳಿಯುತ್ತದೆ. ಇಷ್ಟು ನೋಡಲು ಯಾವ ಉಪಕರಣವೂ ಬೇಡ. ಈ ಒಂದು ಪರೀಕ್ಷೆಯನ್ನೂ ಮಾಡದೆ ಡ್ಯಾಶ್‌ಬೋರ್ಡ್ ಇಳಿಸಲು ಹೊರಡುವುದು ಗ್ರಾಹಕನಿಗೂ ಕಾರಿಗೂ ಮಾಡುವ ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಹಳೆಯ ಪ್ಲಾಸ್ಟಿಕ್ ಗಟ್ಟಿಯಾಗಿ ಬಿರುಸಾಗಿರುತ್ತದೆ. ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಮೊದಲಿನಂತೆ ಕೂರುವುದು ಅಪರೂಪ, ಮುರಿದ ಕ್ಲಿಪ್‌ಗಳ ಸದ್ದು ಕಾರು ಇರುವವರೆಗೂ ಕೇಳಿಸುತ್ತಿರುತ್ತದೆ.

ಚಳಿ ಯಾವಾಗ ಬರುತ್ತದೆ ಎಂಬುದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಳ್ಳೆಯ ಸುಳಿವು. ನಿಂತಿರುವಾಗ ಬೆಚ್ಚಗಿದ್ದು, ವೇಗ ಹೆಚ್ಚಿದಂತೆ ಕಾಲ ಬುಡ ತಣ್ಣಗಾಗುತ್ತ ಹೋದರೆ ಅದು ಬಹುಮಟ್ಟಿಗೆ ಗಾಳಿಯ ಸೋರಿಕೆಯೇ. ಓಡುವ ಕಾರಿನ ಮುಂದೆ ಗಾಳಿ ಒತ್ತರಿಸಿಕೊಳ್ಳುತ್ತದೆ, ಮತ್ತು ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಹೋದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹೊರಗಿನ ಗಾಳಿಯನ್ನು ಒಳಗೆಳೆಯುವ ಜಾಲರಿಯನ್ನು ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ ಇಟ್ಟಿರುವುದು ಅಲ್ಲಿ ಈ ಒತ್ತಡ ಹೆಚ್ಚಿರುತ್ತದೆ ಎಂಬ ಕಾರಣಕ್ಕೇ. ಹೀಗಾಗಿ ಕೋರ್ ಮತ್ತು ಫ್ಲ್ಯಾಪ್‌ಗಳನ್ನು ಒಳಗೊಂಡ ಹೀಟರ್ ಪೆಟ್ಟಿಗೆಗೂ ಆ ಜಾಲರಿಗೂ ನಡುವಿನ ರಬ್ಬರ್ ಅಥವಾ ಫೋಮ್ ಪಟ್ಟಿ ಕುಗ್ಗಿಹೋಗಿದ್ದರೆ, ಗಾಳಿ ಪೆಟ್ಟಿಗೆಯೊಳಗೆ ಹೋಗುವ ಬದಲು ಅದರ ಹೊರಮೈ ಬಳಸಿ ನೇರವಾಗಿ ಡ್ಯಾಶ್‌ಬೋರ್ಡಿನ ಕೆಳಗಿಳಿದು ಮೊಣಕಾಲಿಗೆ ಬಡಿಯುತ್ತದೆ. ಇದಕ್ಕೆ ವಿರುದ್ಧವಾಗಿ, ನಿಂತಿರುವಾಗ ತಣ್ಣಗಿದ್ದು ಎಂಜಿನ್ ವೇಗ ಹೆಚ್ಚಿಸಿದ ಕೂಡಲೇ ಬಿಸಿಯಾದರೆ ಸಂಶಯಪಡಬೇಕಾದದ್ದು ಕೂಲಂಟಿನ ಮಟ್ಟವನ್ನು, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಅಥವಾ ಸವೆದ ವಾಟರ್ ಪಂಪನ್ನು.

ಇನ್ನು ಫ್ಲ್ಯಾಪ್‌ಗಳ ವಿಚಾರ. ಹೆಚ್ಚಿನ ತೊಂದರೆಯ ಮೂಲ ಇಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೀಟರ್ ಪೆಟ್ಟಿಗೆಯೊಳಗಿನ ಫ್ಲ್ಯಾಪ್‌ಗಳ ಅಂಚಿಗೆ, ಕೆಲವೊಮ್ಮೆ ಇಡೀ ಮೈಗೆ, ತೆಳುವಾದ ಪಾಲಿಯುರೆಥೇನ್ ಫೋಮ್ ಅಂಟಿಸಿರುತ್ತಾರೆ. ವರ್ಷಗಟ್ಟಲೆ ಶಾಖ ಮತ್ತು ತೇವ ಎರಡನ್ನೂ ಉಂಡ ಆ ಫೋಮ್ ಜಿಗುಟಾಗಿ, ಆಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಬ್ಲೋವರ್ ಜೋರಾಗಿ ಹಾಕಿದಾಗ ವೆಂಟ್‌ಗಳಿಂದ ಕಪ್ಪು ಅಥವಾ ಹಳದಿ ಬಣ್ಣದ ಸಣ್ಣ ಸಣ್ಣ ಚೂರುಗಳು ಹಾರಿ ಬಂದರೆ ಅದನ್ನು ಧೂಳೆಂದು ಒರೆಸಿ ಸುಮ್ಮನಾಗಬಾರದು; ಒಳಗಿನ ಸೀಲ್ ಸತ್ತಿದೆ ಎಂಬುದರ ಸ್ಪಷ್ಟ ಗುರುತು ಅದು. ಕೆಲವು ಕಾರುಗಳಲ್ಲಿ ಫ್ಲ್ಯಾಪಿನ ಹಲಗೆಯಲ್ಲಿಯೇ ತೂತುಗಳಿದ್ದು, ಅವುಗಳನ್ನು ಮುಚ್ಚಿದ್ದು ಈ ಫೋಮ್ ಮಾತ್ರ. 1997ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಹಳೆಯ ಕಾರಿನ ಒಡೆಯರಲ್ಲಿ ಇದಕ್ಕೆ ಹೆಸರಾದ ಉದಾಹರಣೆ. ಫೋಮ್ ಹೋದ ಮೇಲೆ ಫ್ಲ್ಯಾಪ್ ತನ್ನ ಜಾಗಕ್ಕೆ ಸರಿಯಾಗಿ ಬಂದು ಕೂತರೂ ಗಾಳಿ ಆ ತೂತುಗಳಿಂದ ನಿರಾತಂಕವಾಗಿ ಹಾದುಹೋಗುತ್ತದೆ. ಕೇಬಲ್ ಸರಿ, ಲಿವರ್ ಸರಿ, ಕೋರ್ ಸರಿ, ಆದರೂ ಬಿಸಿಯಿಲ್ಲ ಎಂಬ ಒಗಟಿಗೆ ಉತ್ತರ ಎಷ್ಟೋ ಸಲ ಇದೇ.

ಇದನ್ನು ಸರಿಪಡಿಸಲು ಎಲ್ಲ ಕಾರುಗಳಲ್ಲೂ ಡ್ಯಾಶ್‌ಬೋರ್ಡ್ ಇಳಿಸಬೇಕಾಗಿಲ್ಲ. ಬ್ಲೋವರ್ ಮೋಟಾರನ್ನು ಅಥವಾ ಕೆಳಗಿನ ಗಾಳಿಕೊಳವೆಯನ್ನು ತೆಗೆದರೆ ಹಲವು ಮಾದರಿಗಳಲ್ಲಿ ಫ್ಲ್ಯಾಪ್ ಕಣ್ಣಿಗೆ ಬೀಳುತ್ತದೆ, ಕೈಗೂ ಸಿಗುತ್ತದೆ. ಹಳೆಯ ಫೋಮ್ ಮತ್ತು ಅಂಟನ್ನು ಕೆರೆದು, ಮೈಯನ್ನು ಒರೆಸಿ ಒಣಗಿಸಿ, ತೂತಿರುವ ಕಡೆ ಶಾಖ ತಡೆಯುವ ಅಲ್ಯೂಮಿನಿಯಂ ಟೇಪನ್ನು ಎರಡೂ ಬದಿಗೆ ಒತ್ತಿ ಅಂಟಿಸಬೇಕು. ಅಂಚಿಗೆ ನೀರು ಹೀರದ, ಮುಚ್ಚಿದ ಕಣಗಳ ರಬ್ಬರ್ ಫೋಮ್ ಹಾಕಬೇಕು. ಕಿಟಕಿ ಬಾಗಿಲುಗಳಿಗೆ ಹಾಕುವ ಸಾಧಾರಣ ಫೋಮ್ ಟೇಪ್ ಇಲ್ಲಿ ಬಾಳುವುದಿಲ್ಲ, 80-90 ಡಿಗ್ರಿಯ ಶಾಖದ ಪಕ್ಕದಲ್ಲಿ ಅದರ ಅಂಟು ಕರಗಿ ಟೇಪ್ ಜಾರಿ ಬ್ಲೋವರಿಗೆ ಬೀಳುತ್ತದೆ. ಹಾಕುವ ಫೋಮಿನ ದಪ್ಪವೂ ಹಳೆಯದರಷ್ಟೇ ಇರಬೇಕು. ‘ಇನ್ನಷ್ಟು ಬಿಗಿಯಾಗಲಿ’ ಎಂದು ದಪ್ಪನೆಯದು ಹಾಕಿದರೆ ಫ್ಲ್ಯಾಪ್ ಕೊನೆಯವರೆಗೆ ತಿರುಗುವುದೇ ಇಲ್ಲ, ಸೋರಿಕೆ ಮೊದಲಿಗಿಂತ ಹೆಚ್ಚಾಗುತ್ತದೆ, ಸಣ್ಣ ಮೋಟಾರಿನಿಂದ ತಿರುಗುವ ಫ್ಲ್ಯಾಪ್ ಆಗಿದ್ದರೆ ಅದರ ಪ್ಲಾಸ್ಟಿಕ್ ಹಲ್ಲುಗಳೂ ಮುರಿಯುತ್ತವೆ. ಡ್ಯಾಶ್‌ಬೋರ್ಡಿನ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಆ ಹಲ್ಲುಗಳು ಆಗಲೇ ಹೋಗಿರಬಹುದು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಆಸುಪಾಸಿನ ಯಾವ ಕೆಲಸಕ್ಕೂ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಲೇಬೇಕು.

ಫ್ಲ್ಯಾಪಿಗಿಂತಲೂ ಸುಲಭದ ಕಾರಣವೊಂದಿದೆ, ಅದು ಕೇಬಲ್. ಬಿಸಿ-ತಂಪಿನ ಲಿವರಿಗೂ ಫ್ಲ್ಯಾಪಿಗೂ ನಡುವಿನ ತಂತಿಯ ಹೊರಕವಚವನ್ನು ಹಿಡಿದಿರುವ ಪುಟ್ಟ ಕ್ಲಿಪ್ ಸಡಿಲವಾದರೆ, ಲಿವರ್ ಕೊನೆ ಮುಟ್ಟಿದರೂ ಫ್ಲ್ಯಾಪ್ ಮುಕ್ಕಾಲು ದಾರಿಯಲ್ಲೇ ನಿಲ್ಲುತ್ತದೆ. ಲಿವರನ್ನು ಪೂರ್ಣ ಬಿಸಿಗೆ ತಂದು, ಕ್ಲಿಪ್ ಬಿಡಿಸಿ, ಫ್ಲ್ಯಾಪಿನ ತೋಳನ್ನು ಅದು ತಡೆದು ನಿಲ್ಲುವವರೆಗೆ ಕೈಯಿಂದ ಒತ್ತಿಹಿಡಿದು, ಹಾಗೆಯೇ ಕ್ಲಿಪ್ ಮತ್ತೆ ಹಾಕಿದರೆ ಮುಗಿಯಿತು. ವಾಲ್ವ್ ಇರುವ ಕಾರಿನಲ್ಲೂ ಇದೇ ಕ್ರಮ. ಇಷ್ಟು ಚಿಕ್ಕ ಕೆಲಸಕ್ಕೆ ಇಡೀ ಚಳಿಗಾಲವನ್ನು ಮಫ್ಲರ್ ಸುತ್ತಿಕೊಂಡು ಕಳೆಯುವವರನ್ನು ಕಂಡಾಗ ನಿಜಕ್ಕೂ ವ್ಯಥೆಯಾಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಫ್ಲ್ಯಾಪ್‌ಗಳನ್ನು ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಸೆಳೆತ, ಎಳೆಯುತ್ತದೆ. ಅಂಥವುಗಳಲ್ಲಿ ಸಣ್ಣ ಪೈಪು ಬಿರುಕು ಬಿಟ್ಟಿದ್ದರೆ, ಏರು ಹತ್ತುವಾಗ ಅಥವಾ ಆಕ್ಸಿಲರೇಟರ್ ಜೋರಾಗಿ ತುಳಿದಾಗ ಕಾಲಿನ ಕಡೆಯ ಬಿಸಿಗಾಳಿ ನಿಂತು ಮುಂಗಾಜಿನ ಕಡೆಗೆ ಹೊರಳುತ್ತದೆ. ವ್ಯಾಕ್ಯೂಮ್ ಹೋದಾಗ ಗಾಳಿ ಮುಂಗಾಜಿಗೇ ಹೋಗಲಿ, ಚಾಲಕನಿಗೆ ದಾರಿ ಕಾಣಲಿ ಎಂದು ಅಂಥ ಹಲವು ಕಾರುಗಳನ್ನು ಬೇಕೆಂದೇ ಹಾಗೆ ರೂಪಿಸಿದ್ದಾರೆ.

ಹೀಟರ್ ಪೆಟ್ಟಿಗೆಯ ಹೊರಗಿನ ಸೋರಿಕೆಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಎಂಜಿನ್ ಕೋಣೆಗೂ ಪ್ರಯಾಣಿಕರ ಕೋಣೆಗೂ ನಡುವಿನ ಲೋಹದ ಗೋಡೆ, ಅಂದರೆ ಫೈರ್‌ವಾಲ್. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ವೈರಿಂಗ್, ಹೀಟರ್ ಹೋಸ್, ಸ್ಟಿಯರಿಂಗ್ ಕಂಬ ಎಲ್ಲವೂ ಈ ಗೋಡೆಯ ತೂತುಗಳ ಮೂಲಕವೇ ಹಾಯುತ್ತವೆ, ಪ್ರತಿ ತೂತಿನಲ್ಲೂ ಸಂದು ಮುಚ್ಚುವ ಒಂದು ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಇರಬೇಕು. ಒಂದೇ ಮಾದರಿಯನ್ನು ಬಲಗಡೆ ಸ್ಟಿಯರಿಂಗಿಗೂ ಎಡಗಡೆ ಸ್ಟಿಯರಿಂಗಿಗೂ ತಯಾರಿಸುವ ಕಾರಣ ಬಳಕೆಯಾಗದ ತೂತುಗಳೂ ಇರುತ್ತವೆ, ಅವನ್ನು ರಬ್ಬರ್ ಬಿರಡೆಯಿಂದ ಮುಚ್ಚಿರುತ್ತಾರೆ. ವಯಸ್ಸಾದಂತೆ ಆ ರಬ್ಬರ್ ಒಣಗಿ ಸೀಳುತ್ತದೆ, ಇಲ್ಲವೇ ಸ್ಟೀರಿಯೊ ಅಥವಾ ಅಲಾರಂ ಹಾಕುವಾಗ ಹೊಸ ವೈರ್ ತೂರಿಸಲು ಯಾರೋ ಅದನ್ನು ಕಿತ್ತು ಹಾಗೆಯೇ ಬಿಟ್ಟಿರುತ್ತಾರೆ. ಕತ್ತಲಲ್ಲಿ ಒಬ್ಬರು ಬಾನೆಟ್ ಕೆಳಗೆ ಪ್ರಖರವಾದ ಟಾರ್ಚ್ ಹಿಡಿದು ನಿಧಾನವಾಗಿ ಸರಿಸುತ್ತಿದ್ದರೆ, ಇನ್ನೊಬ್ಬರು ಒಳಗೆ ಪೆಡಲ್‌ಗಳ ಬಳಿ ತಲೆ ಬಗ್ಗಿಸಿ ನೋಡಿದಾಗ ಬೆಳಕು ನುಸುಳುವ ಪ್ರತಿ ಜಾಗವೂ ತಾನಾಗಿ ಗೋಚರಿಸುತ್ತದೆ. ಗೇರ್ ಲಿವರ್ ಮತ್ತು ಹ್ಯಾಂಡ್‌ಬ್ರೇಕಿನ ಬುಡದ ರಬ್ಬರ್ ಬೂಟನ್ನು ಚರ್ಮದ ಹೊದಿಕೆ ಮೇಲೆತ್ತಿ ನೋಡಬೇಕು. ಹೊದಿಕೆ ಚೆನ್ನಾಗಿದ್ದರೂ ಒಳಗಿನ ಬೂಟ್ ಹರಿದಿರಬಹುದು.

ಈ ಸೋರಿಕೆಗಳನ್ನು ಚಳಿಯ ತೊಂದರೆ ಎಂದಷ್ಟೇ ನೋಡಬಾರದು ಎಂಬುದು ಈ ಪತ್ರ ಬರೆಯಲು ನನ್ನನ್ನು ಒತ್ತಾಯಿಸಿದ ಕಾರಣಗಳಲ್ಲಿ ದೊಡ್ಡದು. ಎಂಜಿನ್ ಕೋಣೆಯ ತಣ್ಣನೆಯ ಗಾಳಿ ಒಳಗೆ ಬರಬಲ್ಲದಾದರೆ, ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರುತ್ತಿದ್ದರೆ ಅದರ ಹೊಗೆಯೂ ಅದೇ ದಾರಿಯಲ್ಲಿ ಬರಬಲ್ಲದು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕಿಟಕಿ ಮುಚ್ಚಿ ಹೀಟರ್ ಹಾಕಿಕೊಂಡು ಹೋಗುವಾಗ ತಲೆನೋವು, ವಾಕರಿಕೆ, ಮಂಕು, ತೂಕಡಿಕೆ ಕಾಣಿಸಿಕೊಂಡರೆ ಪ್ರಯಾಣದ ಆಯಾಸ ಎಂದುಕೊಳ್ಳದೆ ಕಾರು ನಿಲ್ಲಿಸಿ, ಹೊರಗಿಳಿದು, ಮೊದಲು ಎಕ್ಸಾಸ್ಟ್ ಪರೀಕ್ಷೆ ಮಾಡಿಸಬೇಕು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ, ಗಾಳಿಯಿಂದಲೇ ತಂಪಾಗುವ ಎಂಜಿನ್ನಿನ ಕಾರುಗಳಲ್ಲಿ ಕೂಲಂಟೇ ಇಲ್ಲ. ಎಕ್ಸಾಸ್ಟ್ ಕೊಳವೆಯ ಸುತ್ತ ಹಾಯ್ದು ಬಿಸಿಯಾದ ಗಾಳಿಯೇ ಒಳಗೆ ಬರುತ್ತದೆ. ಅಲ್ಲಿ ಆ ಕೊಳವೆಗೆ ತುಕ್ಕು ಹಿಡಿದು ತೂತಾದರೆ ಅಪಾಯ ನೇರವಾಗಿ ಪ್ರಯಾಣಿಕರ ಮೂಗಿನ ಬಳಿಗೇ ಬಂದಂತೆ. ಹಿಂಬಾಗಿಲು ಮೇಲಕ್ಕೆ ತೆರೆಯುವ ಕಾರುಗಳ ಹಿಂದೆ ಓಟದ ವೇಗಕ್ಕೆ ಕಡಿಮೆ ಒತ್ತಡದ ಸುಳಿ ಉಂಟಾಗಿ ಸೈಲೆನ್ಸರಿನ ಹೊಗೆ ಅಲ್ಲಿ ಸುತ್ತುತ್ತಿರುತ್ತದೆ. ಆದುದರಿಂದ ಡಿಕ್ಕಿಯ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ, ಹರಿದಿದ್ದರೆ ಅದನ್ನೂ ಹೀಟರ್ ರಿಪೇರಿಯ ಭಾಗವೆಂದೇ ಭಾವಿಸಬೇಕು.

ಬಾಗಿಲುಗಳ ಬೀಡಿಂಗ್ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಅದನ್ನು ಬೀಡಿಂಗಿನ ಮೇಲಿಟ್ಟು ಬಾಗಿಲು ಮುಚ್ಚಿ ಎಳೆದಾಗ ಬಿಗಿ ತಿಳಿಯಬೇಕು. ಸಲೀಸಾಗಿ ಜಾರಿ ಬಂದರೆ ಅಲ್ಲಿ ಬೀಡಿಂಗ್ ಚಪ್ಪಟೆಯಾಗಿದೆ ಅಥವಾ ಬಾಗಿಲು ಕೀಲಿನಲ್ಲಿ ಇಳಿದಿದೆ. ಬಾಗಿಲು ಇಳಿದಿದ್ದರೆ ಹೊಸ ಬೀಡಿಂಗ್ ಹಾಕಿ ಪ್ರಯೋಜನವಿಲ್ಲ, ಮೊದಲು ಕೀಲು ಮತ್ತು ಲಾಕ್ ಹೊಂದಿಸಬೇಕು. ಎಲ್ಲ ಬಾಗಿಲು ಮುಚ್ಚಿ, ಎಂಜಿನ್ ಚಾಲೂ ಮಾಡದೆ ಬ್ಲೋವರನ್ನು ಹೊರಗಾಳಿಗೆ ಇಟ್ಟು ಪೂರ್ಣ ವೇಗದಲ್ಲಿ ಓಡಿಸಿ, ಹೊರಗೆ ಅಂಚುಗಳ ಉದ್ದಕ್ಕೂ ಸಾಬೂನು ನೀರು ಬಳಿದರೆ ಸೋರುವಲ್ಲಿ ಗುಳ್ಳೆಗಳು ಏಳುತ್ತವೆ. ಬಾಗಿಲಿನ ಒಳಹೊದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಗಾಜು ಏರಿಸುವ ಯಂತ್ರ ರಿಪೇರಿ ಮಾಡಿದವರು ಅದನ್ನು ಹರಿದು ಬಿಸಾಡುವುದು ಸರ್ವೇಸಾಮಾನ್ಯ. ಗಾಜಿನ ಸಂದಿನಿಂದ ಬಾಗಿಲಿನೊಳಗೆ ಇಳಿಯುವ ಚಳಿಗಾಳಿಯನ್ನೂ ಮಳೆನೀರನ್ನೂ ಒಳಕ್ಕೆ ಬಾರದಂತೆ ತಡೆಯುವುದು ಆ ಹಾಳೆಯೇ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಸದಾ ಮೆತ್ತಗೇ ಉಳಿಯುವ ಬ್ಯುಟೈಲ್ ಅಂಟಿನಿಂದ ಕೂರಿಸಿದರೆ ಮೊಣಕೈಗೆ ತಗಲುತ್ತಿದ್ದ ಚಳಿ ಆ ದಿನವೇ ನಿಲ್ಲುತ್ತದೆ.

ಮುಚ್ಚಬಾರದ ಜಾಗಗಳನ್ನೂ ಇಷ್ಟೇ ಒತ್ತಿ ಹೇಳಬೇಕು, ಏಕೆಂದರೆ ಚಳಿ ತಾಳಲಾರದೆ ಕಂಡ ಕಂಡ ಕಿಂಡಿಗೆಲ್ಲ ಟೇಪ್ ಅಂಟಿಸಿ ಕೊನೆಗೆ ಹೀಟರನ್ನೇ ಕೊಂದವರಿದ್ದಾರೆ. ಹೊರಗಿನ ತಾಜಾ ಗಾಳಿಯನ್ನು ಎಳೆದು, ಬಿಸಿ ಮಾಡಿ, ಒಳಗೆ ಸ್ವಲ್ಪವೇ ಹೆಚ್ಚು ಒತ್ತಡ ಉಂಟುಮಾಡಿ ಸಂದುಗಳಿಂದ ಬರುವ ಚಳಿಯನ್ನು ಹೊರಕ್ಕೇ ತಳ್ಳುವ ವ್ಯವಸ್ಥೆಯನ್ನು ಅಮೆರಿಕದ ನ್ಯಾಶ್ ಕಂಪನಿ 1938ರ ಕಾರುಗಳಲ್ಲಿ ತಂದಿತು. ಇಂದಿನ ಕಾರುಗಳ ಹೀಟರ್ ನಿಂತಿರುವುದೂ ಅದೇ ತತ್ವದ ಮೇಲೆ. ಹೀಗೆ ಒಳಬಂದ ಗಾಳಿ ಹೊರಹೋಗಲು ಕಾರಿನ ಹಿಂಭಾಗದಲ್ಲಿ, ಸಾಮಾನ್ಯವಾಗಿ ಡಿಕ್ಕಿಯ ಪಕ್ಕದ ಗೋಡೆಯಲ್ಲಿ ಅಥವಾ ಬಂಪರಿನ ಮರೆಯಲ್ಲಿ, ತೆಳು ರಬ್ಬರ್ ಎಲೆಗಳ ಕಿಂಡಿಗಳಿರುತ್ತವೆ. ಅವು ಹೊರಕ್ಕೆ ಮಾತ್ರ ತೆರೆಯುತ್ತವೆ. ಅವನ್ನು ಮುಚ್ಚಿದರೆ, ಅಥವಾ ಹಿಂದಿನ ಸೀಟಿನ ಮೇಲಿನ ಹಲಗೆಯ ಕಿಂಡಿಗಳ ಮೇಲೆ ಕಂಬಳಿ, ಸಾಮಾನು ಹೇರಿದರೆ, ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಹೊಸ ಬಿಸಿಗಾಳಿಯೂ ಬರುವುದಿಲ್ಲ, ಗಾಜುಗಳು ಮಂಜಾಗುತ್ತವೆ. ಬ್ಲೋವರ್ ಓಡುತ್ತಿರುವಾಗ ಹಿಂದಿನ ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿ ನೋಡಿ. ವೆಂಟ್‌ನ ಗಾಳಿ ತಟ್ಟನೆ ಜೋರಾದರೆ ಹಿಂದಿನ ಕಿಂಡಿಗಳು ಕಟ್ಟಿಕೊಂಡಿವೆ ಎಂದೇ ತಿಳಿಯಬೇಕು. ರಬ್ಬರ್ ಎಲೆ ಉದುರಿಹೋಗಿದ್ದರೆ ಹೊಸ ಎಲೆ ಹಾಕಬೇಕೇ ಹೊರತು ಕಿಂಡಿ ಮುಚ್ಚಬಾರದು, ಎಲೆಯಿಲ್ಲದ ಕಿಂಡಿಯಿಂದ ಹೊಗೆ ಒಳಬರುವ ಅಪಾಯವಿರುವುದರಿಂದ ಹಾಗೆಯೇ ಬಿಡಲೂಬಾರದು. ಬಾಗಿಲಿನ ತಳದಲ್ಲಿ, ವೈಪರಿನ ಕೆಳಗಿನ ತೊಟ್ಟಿಯಲ್ಲಿ, ಏಸಿ ಪೆಟ್ಟಿಗೆಯ ಬುಡದಲ್ಲಿ ನೀರು ಹರಿದುಹೋಗಲು ಇಟ್ಟಿರುವ ತೂತುಗಳಿಗೂ ಇದೇ ಮಾತು. ಅವನ್ನು ಮುಚ್ಚಿದರೆ ನೀರು ನಿಂತು ತುಕ್ಕು ಹಿಡಿದು, ಮುಂದೆ ಗಾಳಿ ನುಗ್ಗಲು ನಾವೇ ದೊಡ್ಡ ತೂತು ಮಾಡಿಕೊಟ್ಟಂತಾಗುತ್ತದೆ. ಉಬ್ಬುವ ಫೋಮನ್ನು ಸಂದುಗಳಿಗೆ ಸಿಂಪಡಿಸುವುದು ಇನ್ನೂ ಕೆಟ್ಟದ್ದು. ಅದು ತೇವವನ್ನು ಲೋಹಕ್ಕೆ ಒತ್ತಿಹಿಡಿದು ಕಣ್ಣಿಗೆ ಕಾಣದಂತೆ ಕೊಳೆಸುತ್ತದೆ, ಮತ್ತೆ ತೆಗೆಯಲೂ ಬರುವುದಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕೂಡ ಬರಿ ಲೋಹವನ್ನು ತಿನ್ನುತ್ತದೆ. ಗ್ರೊಮೆಟಿನ ಜಾಗಕ್ಕೆ ಗ್ರೊಮೆಟನ್ನೇ ಹಾಕುವುದು ಸರಿಯಾದ ದಾರಿ.

ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಕಾರು ಬಿಸಿಯಾಗುವವರೆಗೆ ಕೆಲವು ನಿಮಿಷ ಬಳಸಿ, ಆಮೇಲೆ ಹೊರಗಾಳಿಗೆ ಬದಲಿಸುವುದು ಒಳ್ಳೆಯದು. ಸದಾ ಅದರಲ್ಲೇ ಇಟ್ಟರೆ ಉಸಿರಿನ ತೇವವೆಲ್ಲ ಗಾಜಿಗೆ ಹತ್ತುತ್ತದೆ. ಗಾಜಿನ ಮೇಲಿನ ಮಂಜು ಜಿಡ್ಡಾಗಿದ್ದು ಸಿಹಿ ವಾಸನೆ ಬರುತ್ತಿದ್ದರೆ, ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ, ಆಗ ಮಾತ್ರ ಕೋರ್ ನಿಜಕ್ಕೂ ಸೋರುತ್ತಿದೆ ಎನ್ನಬಹುದು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅದು ಸಿಗಬಾರದು.

ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚುವ ಪುಟ್ಟ ವಿದ್ಯುತ್ ಹೀಟರ್‌ಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಸೋರಿಕೆ ಹುಡುಕುವ ಬದಲು ಅವನ್ನು ಕೊಳ್ಳುವವರು ಬಹಳ. 12 ವೋಲ್ಟಿನ ಸಾಕೆಟ್ಟಿಗೆ 15 ಆಂಪಿಯರಿನ ಫ್ಯೂಸ್ ಇದ್ದರೆ ಅದರಿಂದ ಪಡೆಯಬಹುದಾದದ್ದು ಹೆಚ್ಚೆಂದರೆ 180 ವಾಟ್. ಸರಿಯಾಗಿರುವ ಕಾರಿನ ಹೀಟರ್ ಕೊಡುವುದು ಹಲವು ಕಿಲೋವ್ಯಾಟ್. ಸೋರುವ ಕಾರಿನಲ್ಲಿ ಅಂಥದ್ದನ್ನು ಹಚ್ಚುವುದೆಂದರೆ ಬಾಗಿಲು ತೆರೆದಿಟ್ಟ ಮನೆಯಲ್ಲಿ ದೀಪದ ಕುಡಿಗೆ ಕೈ ಕಾಯಿಸಿಕೊಂಡಂತೆ. ಹಳೆಯ ವೈರಿಂಗ್ ಬಿಸಿಯಾಗಿ ಬೆಂಕಿ ಹತ್ತುವ ಭಯ ಬೇರೆ.

ಕಾರು ತಯಾರಕರಿಗೆ ನನ್ನದೊಂದು ಗಂಭೀರವಾದ ಬೇಡಿಕೆಯಿದೆ. ಅನೇಕ ಮಾದರಿಗಳಲ್ಲಿ ಫ್ಲ್ಯಾಪಿನ ಫೋಮ್ ಪಟ್ಟಿ, ಕೇಬಲ್ ಕ್ಲಿಪ್, ಹಿಂಗಿಂಡಿಯ ರಬ್ಬರ್ ಎಲೆಗಳನ್ನು ಬಿಡಿಯಾಗಿ ಮಾರುವುದೇ ಇಲ್ಲ. ಅಂಗೈಯಗಲದ ಫೋಮಿಗಾಗಿ ಇಡೀ ಹೀಟರ್ ಪೆಟ್ಟಿಗೆಯನ್ನು ಕೊಳ್ಳಿ ಎನ್ನುವುದು ನ್ಯಾಯವಲ್ಲ, ಇದರಿಂದಾಗಿ ಇನ್ನೂ ವರ್ಷಗಟ್ಟಲೆ ಓಡಬಲ್ಲ ಕಾರುಗಳು ಗುಜರಿ ಸೇರುತ್ತಿವೆ. ಫೋಮಿನ ದಪ್ಪ, ಅಳತೆ, ಫ್ಲ್ಯಾಪ್‌ಗೆ ತಲುಪುವ ದಾರಿ ಇವಿಷ್ಟನ್ನು ಒಂದು ಪುಟದಲ್ಲಿ ಪ್ರಕಟಿಸಿದರೂ ಸಾಕು, ಉಳಿದದ್ದನ್ನು ಮೆಕ್ಯಾನಿಕ್‌ಗಳು ಮಾಡಿಕೊಳ್ಳುತ್ತಾರೆ. ಗ್ಯಾರೇಜಿನವರಲ್ಲಿ ಕೇಳಿಕೊಳ್ಳುವುದೇನೆಂದರೆ, ಹೀಟರ್ ಕೋರ್ ಬದಲಾಯಿಸಬೇಕೆಂದು ಹೇಳುವಾಗ ಎರಡೂ ಹೋಸ್‌ಗಳ ಬಿಸಿ ಹೇಗಿತ್ತು, ವೆಂಟ್‌ನಲ್ಲಿ ಎಷ್ಟು ಡಿಗ್ರಿ ಇತ್ತು, ಫ್ಲ್ಯಾಪ್ ಕೊನೆಯವರೆಗೆ ತಿರುಗುತ್ತಿತ್ತೇ ಎಂಬುದನ್ನು ಅಂದಾಜುಪಟ್ಟಿಯಲ್ಲಿ ಬರೆದುಕೊಡಿ. ಹಾಗೆ ಬರೆದುಕೊಡದ ಅಂದಾಜಿಗೆ ಒಪ್ಪಿಗೆ ಕೊಡಬೇಡಿ ಎಂದು ಹಳೆಯ ಕಾರಿನ ಒಡೆಯರಿಗೂ ಹೇಳುತ್ತೇನೆ. ತಮ್ಮ ಪತ್ರಿಕೆಯಲ್ಲಿ ವಾಹನಗಳ ಬಗ್ಗೆ ಬರೆಯುವವರು ಮುಂದಿನ ಚಳಿಗಾಲದೊಳಗೆ ಈ ಪರೀಕ್ಷೆಗಳನ್ನು ಚಿತ್ರಗಳ ಸಹಿತ, ವಿಶೇಷವಾಗಿ ಫೈರ್‌ವಾಲಿನ ತೂತುಗಳು ಮತ್ತು ಎಕ್ಸಾಸ್ಟ್ ಹೊಗೆಯ ಅಪಾಯದ ಭಾಗವನ್ನು, ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಕಾರಿನ ಒಡೆಯ, ತಮ್ಮ ಓದುಗ